ಕಂಪ್ರೆಸರ್ ಹೋಯಿತು ಎನ್ನುವ ಮೊದಲು ಕರೆಂಟ್ ಅಳೆದು ನೋಡಿ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಓದುಗರೊಬ್ಬರು ಕ್ಯಾರವಾನ್ ಬಾಡಿಗೆಗೆ ಹಿಡಿದು ಹಂಪಿ ಕಡೆ ಹೋಗಿಬಂದ ಅನುಭವ ಬರೆದಿದ್ದರು. ಎರಡನೇ ದಿನ ಮಧ್ಯಾಹ್ನ ಗಾಡಿಯ ಎಸಿ ನಿಂತಿತು. ನೋಡಲು ಬಂದವರು ‘ಕಂಪ್ರೆಸರ್ ಹೋಗಿದೆ’ ಎಂದರು, ಅಂದರೆ ಎಸಿಯೊಳಗೆ ಗ್ಯಾಸನ್ನು ಒತ್ತಿ ತಳ್ಳುವ ಮೋಟಾರ್. ಸೆಕೆಗೆ ಮಕ್ಕಳು ಅಳತೊಡಗಿದರು. ಪ್ರವಾಸ ಅರ್ಧಕ್ಕೇ ಮುಗಿಯಿತು. ಬರಹದ ಕೊನೆಯಲ್ಲಿ ಒಂದು ಸಾಲಿತ್ತು: ಬೆಂಗಳೂರಿಗೆ ವಾಪಸ್ ಬಂದ ಮರುದಿನ ಅದೇ ಎಸಿ ತಾನಾಗಿಯೇ ಓಡಿತಂತೆ. ಅವರು ಅದನ್ನು ಹಾಗೇ ಹೇಳಿ ಮುಗಿಸಿದ್ದಾರೆ. ನನಗೆ ಇಡೀ ಬರಹದಲ್ಲಿ ಮುಖ್ಯ ಅನಿಸಿದ್ದು ಆ ಸಾಲೇ. ಸತ್ತ ಕಂಪ್ರೆಸರ್ ಮರುದಿನ ಎದ್ದು ಓಡುವುದಿಲ್ಲ. ಅದು ಸತ್ತಿರಲೇ ಇಲ್ಲ. ಅದಕ್ಕೆ ಸರಿಯಾಗಿ ಕರೆಂಟ್ ಸಿಕ್ಕಿರಲಿಲ್ಲ, ಅಷ್ಟೇ. ಅದಕ್ಕಾಗಿಯೇ ಈ ಪತ್ರ. ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ನಾನು ಬಳ್ಳಾರಿಯಲ್ಲಿ 31 ವರ್ಷ ಫ್ರಿಜ್, ಎಸಿ ರಿಪೇರಿ ಅಂಗಡಿ ನಡೆಸಿದವನು. ಈಗ ಅಂಗಡಿಯನ್ನು ತಮ್ಮನ ಮಗ ನೋಡಿಕೊಳ್ಳುತ್ತಾನೆ. ಹೋದ ವರ್ಷ ಆರು ತಿಂಗಳು ಅಮೆರಿಕದ ಡಲ್ಲಾಸ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಮಗಳು, ಅಳಿಯ ಇಬ್ಬರಿಗೂ ತಿರುಗಾಟ ಎಂದರೆ ಪ್ರಾಣ. ಅವರ ಹತ್ತಿರ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆಯಂಥ ಗಾಡಿ ಇದೆ. ಒಳಗೆ ಹಾಸಿಗೆ, ಒಲೆ, ಬಚ್ಚಲು ಎಲ್ಲ ಇದೆ. ಅಲ್ಲಿ ಇಂಥ ಗಾಡಿಗೆ ಆರ್‌ವಿ ಎನ್ನುತ್ತಾರೆ. ಎಸಿ ತಾರಸಿ ಮೇಲೆ ಕೂತಿರುತ್ತದೆ. ಸುಮಾರು 14 ಇಂಚು ಉದ್ದ, 14 ಇಂಚು ಅಗಲದ ಒಂದು ಕಿಂಡಿಯಿಂದ ತಂಪು ಗಾಳಿ ಒಳಗೆ ಬರುತ್ತದೆ. ನಮ್ಮ ಮನೆಗಳ ಒಂದು ಟನ್ನಿನ ಎಸಿಗಿಂತ ಇದು ಸ್ವಲ್ಪ ದೊಡ್ಡದು, ತಂಪಿನ ಲೆಕ್ಕದಲ್ಲಿ 13,500 ಬಿಟಿಯು. ಚಳಿಗಾಲದಲ್ಲಿ ಅದೇ ಯಂತ್ರ ಉಲ್ಟಾ ಓಡಿ ಬಿಸಿ ಗಾಳಿಯನ್ನೂ ಕೊಡುತ್ತದೆ. ಅದೇ ಹೀಟ್ ಪಂಪ್.

ಜೂನ್‌ನಲ್ಲಿ ನಾವು ನಾಲ್ವರು ಅಮರಿಲೊ ಊರಿನ ಕಡೆ ಹೊರಟೆವು. ಡಲ್ಲಾಸ್‌ನಿಂದ ಹೆಚ್ಚು ಕಡಿಮೆ 580 ಕಿಲೋಮೀಟರ್. ಅಲ್ಲಿ ಪಾಲೊ ಡ್ಯೂರೊ ಎಂಬ ದೊಡ್ಡ ಕಣಿವೆ ಇದೆ. ಮಣ್ಣಿನ ಕೆಂಪು ಕಂಡು ನನ್ನ ಹೆಂಡತಿ ‘ಸಂಡೂರಿಗೆ ಬಂದಂಗಾಯ್ತು’ ಎಂದಳು. ಬಿಸಿಲೂ ನಮ್ಮ ಬಳ್ಳಾರಿಯದೇ, 40 ಡಿಗ್ರಿ. ಹತ್ತಿರದ ಒಂದು ಖಾಸಗಿ ಕ್ಯಾಂಪಿನಲ್ಲಿ ಗಾಡಿ ನಿಲ್ಲಿಸಿದೆವು. ಅಲ್ಲಿ ಪ್ರತಿ ಜಾಗಕ್ಕೂ ಒಂದು ಕರೆಂಟ್ ಕಂಬ ಇರುತ್ತದೆ, ಸೊಂಟದೆತ್ತರ. ಗಾಡಿಯ ದಪ್ಪ ವೈರನ್ನು ತಂದು ಅದಕ್ಕೆ ಚುಚ್ಚಬೇಕು. ನಮ್ಮ ಗಾಡಿಯದು 30 ಆಂಪಿನ ಮೂರು ಪಿನ್ನಿನ ಪ್ಲಗ್. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದರ ಅರ್ಧ. ಇದನ್ನು ನೆನಪಿಟ್ಟುಕೊಳ್ಳಿ. ವೋಲ್ಟ್ ಅರ್ಧವಾದರೆ ಅದೇ ಕೆಲಸಕ್ಕೆ ಆಂಪ್ ದುಪ್ಪಟ್ಟು ಬೇಕು. ಆ ಎಸಿ ಓಡುವಾಗ ಸುಮಾರು 14 ಆಂಪ್ ಎಳೆಯುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಂತೂ 60ರ ಹತ್ತಿರ ಹೋಗುತ್ತದೆ. ಒಂದು ಲೂಸ್ ಕನೆಕ್ಷನ್ ಇದ್ದರೂ ಅಲ್ಲಿ ತಕ್ಷಣ ಪೆಟ್ಟು ಬೀಳುತ್ತದೆ.

ಮಧ್ಯಾಹ್ನ ಎರಡು ಗಂಟೆಗೆ ಎಸಿ ತಂಪು ಕೊಡುವುದು ನಿಂತಿತು. ಫ್ಯಾನ್ ಓಡುತ್ತಿತ್ತು, ಗಾಳಿ ಬಿಸಿ. ಸ್ವಲ್ಪ ಹೊತ್ತಿಗೊಮ್ಮೆ ಮೇಲಿಂದ ‘ಹುಂ...’ ಎಂದು ಮೂರು ನಾಲ್ಕು ಸೆಕೆಂಡ್ ಸದ್ದು ಬಂದು, ‘ಟಕ್’ ಎಂದು ನಿಲ್ಲುತ್ತಿತ್ತು. ಈ ಸದ್ದನ್ನು ನಾನು ಜೀವನದಲ್ಲಿ ಎಷ್ಟು ಸಾವಿರ ಸಲ ಕೇಳಿದ್ದೇನೋ. ಮೋಟಾರ್ ತಿರುಗಲು ಹೆಣಗುತ್ತದೆ, ಆಗುವುದಿಲ್ಲ, ಬಿಸಿಯಾಗುತ್ತದೆ, ಒಳಗಿನ ಓವರ್‌ಲೋಡ್ ಸ್ವಿಚ್ ಅದನ್ನು ಕಾಪಾಡಲು ಕರೆಂಟ್ ತಪ್ಪಿಸುತ್ತದೆ.

ಕ್ಯಾಂಪಿನವರು ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದರು. ಆತ ಏಣಿ ಹಾಕಿ ಹತ್ತಿದ, ಕವರ್ ಬಿಚ್ಚಿದ, ಕಂಪ್ರೆಸರ್‌ನ ಟರ್ಮಿನಲ್‌ಗೆ ಮೀಟರ್ ಹಿಡಿದ. ಐದೇ ನಿಮಿಷ. ಕೆಳಗಿಳಿದು ‘ವೈಂಡಿಂಗ್ ಓಪನ್, ಪೂರ್ತಿ ಯುನಿಟ್ ಬದಲಿಸಬೇಕು’ ಎಂದ. ಅಂದರೆ ಮೋಟಾರಿನೊಳಗೆ ಸುತ್ತಿದ ವೈರ್ ತುಂಡಾಗಿದೆ ಎಂದು. ಕೂಲಿ ಸೇರಿ 1,800 ಡಾಲರ್ ಹೇಳಿದ. ಅಳಿಯ ಕಾರ್ಡ್ ತೆಗೆಯಲು ಹೊರಟಿದ್ದ. ನಾನು ಕನ್ನಡದಲ್ಲೇ ಹೇಳಿದೆ: ‘ಬೇಡ ಕಣಪ್ಪಾ, ಸಂಜೆ ತನಕ ಕಾಯೋಣ. ಅವರಿಗೆ ನಾಳೆ ಹೇಳ್ತೀವಿ ಅನ್ನು.’

ನಾನು ಯಾಕೆ ತಡೆದೆ ಎಂದರೆ, ಅದೇ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೇನೆ. ಅಂಗಡಿ ಶುರು ಮಾಡಿದ ಹೊಸದರಲ್ಲಿ ಒಂದು ನರ್ಸಿಂಗ್ ಹೋಮ್‌ನ ವಿಂಡೋ ಎಸಿ ನೋಡಲು ಹೋಗಿದ್ದೆ. ಕಂಪ್ರೆಸರ್ ಕೈ ಇಡಲಾಗದಷ್ಟು ಸುಡುತ್ತಿತ್ತು. ಅಳೆದೆ, ಓಪನ್ ಬಂತು, ಹೊಸದು ಹಾಕಿಸಿದೆ. ಹಳೆಯದನ್ನು ಅಂಗಡಿಗೆ ತಂದು ಮೂಲೆಗಿಟ್ಟೆ. ಮರುದಿನ ನನಗೆ ಕೆಲಸ ಕಲಿಸಿದ ಗುರುಗಳು ಬಂದರು, ಸುಮ್ಮನೆ ಅದಕ್ಕೆ ಮೀಟರ್ ಹಿಡಿದರು. ವೈಂಡಿಂಗ್ ಸರಿಯಾಗಿತ್ತು. ಅವರು ಬಯ್ಯಲಿಲ್ಲ. ‘ಜ್ವರ ಬಂದೋನ್ನ ಸತ್ತ ಅಂತ ಹೂತು ಬಂದ್ಯಲ್ಲೋ’ ಎಂದರು. ಆ ಕಂಪ್ರೆಸರ್‌ನ ದುಡ್ಡು ನಾನು ವಾಪಸ್ ಕೊಟ್ಟೆ, ಮೂರು ಕಂತಿನಲ್ಲಿ. ಆ ಮಾತು ಮಾತ್ರ ಇಂದಿಗೂ ಕಿವಿಯಲ್ಲಿದೆ.

ಕಂಪ್ರೆಸರ್‌ಗೆ ಮೂರು ಟರ್ಮಿನಲ್ ಇರುತ್ತವೆ: ಕಾಮನ್, ರನ್, ಸ್ಟಾರ್ಟ್. ಓವರ್‌ಲೋಡ್ ಸ್ವಿಚ್ ಅದರ ಹೊಟ್ಟೆಯೊಳಗೇ, ಕಾಮನ್ ದಾರಿಯಲ್ಲಿ ಇದ್ದರೆ, ಬಿಸಿಯಾಗಿ ತೆರೆದುಕೊಂಡಾಗ ಕಾಮನ್‌ನಿಂದ ಎತ್ತ ಅಳೆದರೂ ಓಪನ್ ಎಂದೇ ತೋರಿಸುತ್ತದೆ. ಆಗ ರನ್ ಮತ್ತು ಸ್ಟಾರ್ಟ್ ನಡುವೆ ಅಳೆಯಬೇಕು. ಅಲ್ಲಿ ಓಮ್ (ಕರೆಂಟಿಗೆ ವೈರ್ ಒಡ್ಡುವ ತಡೆಯ ಅಳತೆ) ತೋರಿಸಿದರೆ ವೈಂಡಿಂಗ್ ಬದುಕಿದೆ ಎಂದು ಅರ್ಥ. ಓವರ್‌ಲೋಡ್ ಆರಿ ಮತ್ತೆ ಕೂಡಿಕೊಳ್ಳಲು ಒಂದು ಗಂಟೆಯೂ ಆಗಬಹುದು. ಸುಡುಬಿಸಿಲಿನ ತಾರಸಿಯ ಮೇಲೆ ಮೂರ್ನಾಲ್ಕು ಗಂಟೆಯೂ ಬೇಕಾಗಬಹುದು. ಆ ಮೆಕ್ಯಾನಿಕ್ ಮೂರನೇ ಜೋಡಿಯನ್ನು ಅಳೆಯಲೇ ಇಲ್ಲ. ನಾನು ಕೆಳಗೆ ನಿಂತು ಅವನ ಕೈಯನ್ನೇ ನೋಡುತ್ತಿದ್ದೆ.

ಸಂಜೆ ಏಳಕ್ಕೆ ಕಂಬದ ಬ್ರೇಕರ್ ಆಫ್ ಮಾಡಿ, ಪ್ಲಗ್ ಕಿತ್ತು, ಅಳಿಯನ ಪುಟ್ಟ ಮಲ್ಟಿಮೀಟರ್ ಹಿಡಿದು ಮೇಲೆ ಹತ್ತಿದೆ. ಮೋಟಾರ್ ಸ್ಟಾರ್ಟ್ ಆಗಲು ನೆರವಾಗುವ ಕೆಪಾಸಿಟರ್ ತನ್ನೊಳಗೆ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ, ಪ್ಲಗ್ ಕಿತ್ತರೂ ಹೊಡೆಯುತ್ತದೆ. ಎಷ್ಟೋ ಜನ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುತ್ತಾರೆ. ಹಾಗೆ ಮಾಡಬೇಡಿ. ನಾನು ಹೋಲ್ಡರ್‌ಗೆ ಹಾಕಿದ ಹಳೇ ಕಾಲದ ಫಿಲಮೆಂಟ್ ಬಲ್ಬಿನ ಎರಡು ವೈರ್ ಮುಟ್ಟಿಸಿ ಇಳಿಸಿದೆ. ಆಮೇಲೆ ಕಂಪ್ರೆಸರ್ ವೈರ್ ಬಿಚ್ಚಿ ಅಳೆದೆ. ಕಾಮನ್‌ನಿಂದ ರನ್‌ಗೆ ಸುಮಾರು 1 ಓಮ್, ಕಾಮನ್‌ನಿಂದ ಸ್ಟಾರ್ಟ್‌ಗೆ 3, ರನ್‌ನಿಂದ ಸ್ಟಾರ್ಟ್‌ಗೆ 4. ಒಂದು ಮತ್ತು ಮೂರು ಕೂಡಿದರೆ ನಾಲ್ಕು. ಲೆಕ್ಕ ಕೂಡಿತು. ಟರ್ಮಿನಲ್‌ನಿಂದ ಕಂಪ್ರೆಸರ್‌ನ ಲೋಹದ ಮೈಗೆ ಅಳೆದರೆ ಏನೂ ಇಲ್ಲ, ಅಂದರೆ ಶಾರ್ಟ್ ಇಲ್ಲ. ಕೆಳಗೆ ನಿಂತಿದ್ದ ಮಗಳಿಗೆ ‘ಕಂಪ್ರೆಸರ್ ಚೆನ್ನಾಗೈತಮ್ಮಾ’ ಎಂದೆ. ಅವಳ ಮುಖ ಅರಳಿದ್ದು ಮೇಲಿಂದಲೂ ಕಂಡಿತು.

ಹಾಗಾದರೆ ತೊಂದರೆ ಎಲ್ಲಿ? ಈಗ ಕರೆಂಟಿನ ದಾರಿ ಹಿಡಿದು ಹೊರಟೆ. ಗಾಡಿಯೊಳಗಿನ ಸಾಕೆಟ್ಟಿನಲ್ಲಿ, ಎಸಿ ಆಫ್ ಇದ್ದಾಗ 119 ವೋಲ್ಟ್. ಇದನ್ನು ನೋಡಿ ಯಾರಾದರೂ ‘ಸಪ್ಲೈ ಚೆನ್ನಾಗಿದೆ’ ಎಂದು ಬಿಡುತ್ತಾರೆ. ಆದರೆ ಲೋಡ್ ಇಲ್ಲದಾಗ ಅಳೆದ ವೋಲ್ಟೇಜನ್ನು ನಂಬಬಾರದು. ಎಸಿ ಆನ್ ಮಾಡಿದೆ. ಆಗ ಕಂಪ್ರೆಸರ್ ತಣ್ಣಗಿತ್ತು, ತುಸು ತಡವರಿಸಿ ಸ್ಟಾರ್ಟ್ ಆಯಿತು. ಮೀಟರ್ 102ಕ್ಕೆ ಕುಸಿದು ಅಲ್ಲೇ ನಿಂತಿತು. ಆ ಎಸಿಯ ಪಟ್ಟಿಯ ಮೇಲೆ 115 ವೋಲ್ಟ್ ಎಂದು ಬರೆದಿದೆ. ಹತ್ತು ಪರ್ಸೆಂಟ್ ಕಡಿಮೆ ಎಂದರೆ 103.5. ಅದಕ್ಕಿಂತ ಕೆಳಗಿಳಿದರೆ ಮೋಟಾರಿಗೆ ಕಷ್ಟ. ಅಲ್ಲಿ ಗಾಡಿಗಳಿಗೆ ಹಾಕುವ ರಕ್ಷಣೆಯ ಪೆಟ್ಟಿಗೆಗಳು 104ರ ಆಸುಪಾಸಿನಲ್ಲೇ ಕರೆಂಟ್ ಕಡಿಯುತ್ತವೆ. ಅಳಿಯ ಅದನ್ನು ಹಾಕಿಸಿರಲಿಲ್ಲ.

ಎಸಿ ಓಡುತ್ತಿರುವಾಗಲೇ ಅದೇ ಕಂಬದಲ್ಲಿದ್ದ ಇನ್ನೊಂದು ಸಾಕೆಟ್‌ಗೆ ಮೀಟರ್ ಹಾಕಿದೆ. 115! ಕಂಬದ ತನಕ ಕರೆಂಟ್ ಚೆನ್ನಾಗಿಯೇ ಬರುತ್ತಿದೆ. ಕಂಬದಿಂದ ಗಾಡಿಯೊಳಗೆ ಬರುವಷ್ಟರಲ್ಲಿ 13 ವೋಲ್ಟ್ ಎಲ್ಲೋ ಸೋರಿಹೋಗುತ್ತಿದೆ.

ಒಂದು ಕಾರಣ ಕಣ್ಣೆದುರೇ ಇತ್ತು. ನೆರಳಿಗಾಗಿ ಅಳಿಯ ಗಾಡಿಯನ್ನು ದೂರ ನಿಲ್ಲಿಸಿದ್ದ. ಗಾಡಿಯ ವೈರ್ ಸಾಲದೆ 50 ಅಡಿಯ ಕಿತ್ತಳೆ ಬಣ್ಣದ ಸಣ್ಣ ಎಕ್ಸ್‌ಟೆನ್ಷನ್ ಜೋಡಿಸಿದ್ದ. ಹುಲ್ಲು ಕತ್ತರಿಸುವ ಮೆಷಿನ್‌ಗೆ ಬಳಸುವ ವೈರ್ ಅದು, 14 ಆಂಪ್ ಹೊರುವ ಶಕ್ತಿ ಅದಕ್ಕೆಲ್ಲಿ? ಗಾಡಿಯನ್ನು ಹಿಂದೆ ತಂದು ನೇರವಾಗಿ ಕಂಬಕ್ಕೆ ಚುಚ್ಚಿದೆವು. 108 ಬಂತು. ಇನ್ನೂ ಏಳು ವೋಲ್ಟ್ ಬಾಕಿ.

ಪ್ಲಗ್ ಹತ್ತಿರ ಕೈ ತಂದೆ. ಮುಟ್ಟುವ ಮೊದಲೇ ಕಾವು ತಾಕಿತು. ಬ್ರೇಕರ್ ಆಫ್ ಮಾಡಿಸಿ ಪ್ಲಗ್ ಎಳೆದೆ. ಒಂದು ಪಿನ್ ಹೊಳೆಯುತ್ತಿತ್ತು. ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ಪಿನ್ ಮಾತ್ರ ಸೀದ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅದರ ಬುಡದ ರಬ್ಬರ್ ಕರಗಿ, ಮೇಣ ಇಳಿದಂತೆ ಒಂದು ಕಡೆ ವಾಲಿತ್ತು. ಕಂಬದ ಸಾಕೆಟ್ಟೂ ಸಡಿಲ. ಎಷ್ಟು ಗಾಡಿಗಳು ಬಂದು ಚುಚ್ಚಿ ಕಿತ್ತವೋ, ಒಳಗಿನ ಹಿತ್ತಾಳೆ ಪಟ್ಟಿಗೆ ಹಿಡಿತವೇ ಇರಲಿಲ್ಲ. ಅಳಿಯನಿಗೆ ಲೆಕ್ಕ ಹೇಳಿದೆ. ಏಳು ವೋಲ್ಟ್, 14 ಆಂಪ್. ಗುಣಿಸಿದರೆ 98 ವ್ಯಾಟ್. ಹಳೇ ಕಾಲದ ನೂರು ವ್ಯಾಟಿನ ಬಲ್ಬು ಉರಿದಾಗ ಎಷ್ಟು ಕಾವೋ, ಹೆಚ್ಚು ಕಡಿಮೆ ಅಷ್ಟೂ ಮುಷ್ಟಿಯಷ್ಟು ದೊಡ್ಡ ಆ ಪ್ಲಗ್ಗಿನೊಳಗೆ ಹುಟ್ಟುತ್ತಿತ್ತು. ಅವನು ‘ಮಾವ, ರಾತ್ರಿ ಮಲಗಿದ್ದಾಗ ಬೆಂಕಿ ಹತ್ತಿದ್ರೆ?’ ಎಂದ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.

ಮರುದಿನ ಅಂಗಡಿಯಿಂದ ಹೊಸ ಪ್ಲಗ್ ತಂದು, ವೈರಿನ ತುದಿ ತಾಮ್ರ ಹೊಳೆಯುವ ತನಕ ಕತ್ತರಿಸಿ, ಸ್ಕ್ರೂ ಬಿಗಿಯಾಗಿ ಕೂರಿಸಿದೆ. ಕ್ಯಾಂಪಿನವರು ಗಟ್ಟಿ ಸಾಕೆಟ್ ಇರುವ ಬೇರೆ ಜಾಗ ಕೊಟ್ಟರು. ಎಸಿ ಓಡುವಾಗ 114 ಬಂತು. ಆದರೂ ಸ್ಟಾರ್ಟ್ ಆಗುವಾಗಿನ ತಡವರಿಕೆ ಪೂರ್ತಿ ಹೋಗಲಿಲ್ಲ. ಕೆಪಾಸಿಟರ್ ಬಿಚ್ಚಿ ನೋಡಿದೆ. ಅದರ ತಲೆ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿತ್ತು. ಮೇಲೆ 45 ಮೈಕ್ರೋಫ್ಯಾರಡ್ ಎಂದು ಬರೆದಿದೆ, ಮೀಟರ್ 31 ತೋರಿಸಿತು. ಐದಾರು ಪರ್ಸೆಂಟ್ ವ್ಯತ್ಯಾಸ ನಡೆಯುತ್ತದೆ, ಇಷ್ಟೆಲ್ಲಾ ಅಲ್ಲ. ಅದನ್ನೂ ಬದಲಿಸಿದೆ. ಪ್ಲಗ್, ಕೆಪಾಸಿಟರ್ ಎರಡೂ ಸೇರಿ 60 ಡಾಲರ್ ಕೂಡ ಆಗಲಿಲ್ಲ. ಎಸಿ ಆಮೇಲೆ ಇಡೀ ಬೇಸಿಗೆ ಓಡಿತು.

ಅಕ್ಟೋಬರ್‌ನಲ್ಲಿ ಸಾಂಟಾ ಫೆ ಊರಿಗೆ ಹೋದಾಗ ಹೀಟ್ ಪಂಪಿನ ಪಾಠ. ಅದು ಏಳು ಸಾವಿರ ಅಡಿ ಎತ್ತರದ ಊರು, ರಾತ್ರಿ ಸೊನ್ನೆಯ ಹತ್ತಿರ ಚಳಿ. ಮಲಗುವಾಗ ಬಿಸಿ ಗಾಳಿ ಬರುತ್ತಿತ್ತು, ನಡುರಾತ್ರಿ ನಿಂತಿತು. ಇದು ಕೆಟ್ಟಿದ್ದಲ್ಲ. ಹೀಟ್ ಪಂಪ್ ಹೊರಗಿನ ಗಾಳಿಯಿಂದಲೇ ಕಾವು ಹೀರಿ ಒಳಗೆ ತರುತ್ತದೆ. ಇಂಥ ತಾರಸಿ ಯಂತ್ರಗಳು ಹೊರಗೆ ನಾಲ್ಕೈದು ಡಿಗ್ರಿಗಿಂತ ಕೆಳಗಿಳಿದರೆ, ಹೊರಗಿನ ಕೊಳವೆ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟದಿರಲೆಂದು ನಿಂತುಬಿಡುತ್ತವೆ. ಆಗ ಗ್ಯಾಸಿನ ಹೀಟರ್ ಹಚ್ಚಬೇಕು. ಹಗಲು ಬಿಸಿಲೇರಿದ ಮೇಲೂ ಬಿಸಿ ಬರದಿದ್ದರೆ ಮಾತ್ರ ಹುಡುಕಬೇಕು. ತಂಪು ಬರುತ್ತದೆ, ಬಿಸಿ ಬರುವುದಿಲ್ಲ ಎಂದರೆ ಮೊದಲು ಯಂತ್ರವನ್ನು ತಂಪಿನಿಂದ ಬಿಸಿಗೆ ತಿರುಗಿಸುವ ರಿವರ್ಸಿಂಗ್ ವಾಲ್ವ್ ನೋಡಿ. ಅದರ ಕಾಯಿಲ್‌ಗೆ (ವೈರ್ ಸುತ್ತಿದ ಸುರುಳಿಗೆ) ಕರೆಂಟ್ ಹೋದಾಗ ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ಹಿಡಿದರೆ ಅಯಸ್ಕಾಂತದಂತೆ ಎಳೆಯುತ್ತದೆ. ಕರೆಂಟ್ ಬಂದೂ ಎಳೆಯದಿದ್ದರೆ ಕಾಯಿಲ್ ಹೋಗಿದೆ. ಬರೀ ಕಾಯಿಲ್ ಬದಲಿಸಿದರೆ ಸಾಕು, ಗ್ಯಾಸ್ ಬಿಡುವ ಅಗತ್ಯವೇ ಇಲ್ಲ.

ಮರುದಿನ ಸಂಜೆ ಇನ್ನೊಂದಾಯಿತು. ಥರ್ಮೋಸ್ಟಾಟಿನ ಪರದೆಯೇ ಕಪ್ಪು. ಕಂಬದಲ್ಲಿ 120 ವೋಲ್ಟ್ ಸರಿಯಾಗಿದೆ, ಎಸಿ ಮಾತ್ರ ಉಸಿರೆತ್ತುವುದಿಲ್ಲ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಕಂಪ್ರೆಸರ್ ಓಡುವುದು 120ರಲ್ಲಿ. ಅದಕ್ಕೆ ಓಡು ಎಂದು ಹೇಳುವ ಬೋರ್ಡು, ಥರ್ಮೋಸ್ಟಾಟ್ ಬದುಕುವುದು ಬ್ಯಾಟರಿಯ 12 ವೋಲ್ಟಿನಲ್ಲಿ. ಅಳೆದರೆ 10.4 ಇತ್ತು. ಹಿಂದಿನ ದಿನ ಅಳಿಯ ಬ್ಯಾಟರಿ ಟರ್ಮಿನಲ್ ಉಜ್ಜಿ ವಾಪಸ್ ಹಾಕುವಾಗ ಒಂದು ಕ್ಷಣ ಪ್ಲಸ್, ಮೈನಸ್ ಅದಲುಬದಲಾಗಿತ್ತು. ಚಾರ್ಜರಿನ ಫ್ಯೂಸ್ ಹೋಗಿ, ಬ್ಯಾಟರಿ ಚಾರ್ಜ್ ಆಗುತ್ತಲೇ ಇರಲಿಲ್ಲ. ಫ್ಯೂಸ್ ಹಾಕಿದ ಕೂಡಲೇ 13.6 ಬಂತು, ಪರದೆ ಬೆಳಗಿತು.

ಇದೆಲ್ಲ ಅಮೆರಿಕದ ಮಾತು, ನಮಗೇನು ಎನ್ನಬೇಡಿ. ಕೇರಳ ಸರ್ಕಾರ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆ ಯೋಜನೆ ಮಾಡಿತು. ಬೆಂಗಳೂರಿನಲ್ಲೂ ಬಾಡಿಗೆಗೆ ಗಾಡಿ ಸಿಗುತ್ತವೆ. ಹೋದ ಕಡೆ ಹೋಮ್‌ಸ್ಟೇ ಅಂಗಳದಲ್ಲೋ ತೋಟದ ಮನೆಯಲ್ಲೋ ನಿಲ್ಲಿಸಿ, ಸಿಕ್ಕ ಸಾಕೆಟ್‌ಗೆ ವೈರ್ ಚುಚ್ಚುತ್ತಾರೆ. ನಮ್ಮಲ್ಲಿ 230 ವೋಲ್ಟ್ ಇರಬೇಕು. ಬೇಸಿಗೆಯಲ್ಲಿ ಪಂಪ್‌ಸೆಟ್ ಎಲ್ಲ ಒಟ್ಟಿಗೆ ಓಡುವ ಹೊತ್ತಲ್ಲಿ ಹಳ್ಳಿಯಲ್ಲಿ 180 ನೋಡಿದವನು ನಾನು. ಸ್ಟೆಬಿಲೈಜರ್ ಇದೆಯಲ್ವಾ ಎನ್ನುತ್ತಾರೆ. ಲೈನಿನಲ್ಲೇ ವೋಲ್ಟೇಜ್ ಕಡಿಮೆ ಇದ್ದರೆ ಅದು ಸಹಾಯಕ್ಕೆ ಬರುತ್ತದೆ, ಸರಿ. ಆದರೆ ಪ್ಲಗ್ ಸಡಿಲ ಇದ್ದರೆ ಅದರಿಂದ ಅಪಾಯ ಜಾಸ್ತಿ. ವೋಲ್ಟೇಜ್ ಏರಿಸಲು ಅದು ಲೈನಿನಿಂದ ಇನ್ನೂ ಹೆಚ್ಚು ಆಂಪ್ ಎಳೆಯುತ್ತದೆ, ಸಡಿಲ ಪಿನ್ ಇನ್ನೂ ಸುಡುತ್ತದೆ. ನ್ಯೂಟ್ರಲ್ ಕಟ್ಟಾಗಿ ಬೀದಿಯ ಟಿವಿ, ಫ್ರಿಜ್ ಎಲ್ಲ ಸುಟ್ಟ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅಂಥ ಲೈನಿಗೇ ಕ್ಯಾರವಾನ್ ಕೂಡ ಚುಚ್ಚಿಕೊಳ್ಳುತ್ತದೆ. ಅರ್ತ್ ಇಲ್ಲದಿದ್ದರಂತೂ ಗಾಡಿಯ ಮೈಯೆಲ್ಲಾ ಕರೆಂಟ್ ಬರಬಹುದು. ಒದ್ದೆ ಕಾಲಲ್ಲಿ ಮೆಟ್ಟಿಲು ಹತ್ತುವ ಮಗುವಿಗೆ ಏನಾದೀತು ಯೋಚಿಸಿ.

ಹೋಮ್‌ಸ್ಟೇ ನಡೆಸುವವರಲ್ಲಿ ನನ್ನ ವಿನಂತಿ: ಗಾಡಿಗಳಿಗೆಂದೇ ಒಂದು 16 ಆಂಪಿನ ಗಟ್ಟಿ ಸಾಕೆಟ್ ಹಾಕಿಸಿ. ಮೀಟರ್ ಬೋರ್ಡಿನಿಂದ ನೇರ ದಪ್ಪ ವೈರ್, ಒಳ್ಳೆ ಅರ್ತ್, ಜೊತೆಗೆ ಶಾಕ್ ಹೊಡೆದರೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಇರಲಿ. ಗಾಡಿ ಬಾಡಿಗೆಗೆ ಕೊಡುವವರು ಒಳಗೆ ವೋಲ್ಟೇಜ್ ತೋರಿಸುವ ಒಂದು ಸಣ್ಣ ಮೀಟರ್ ಕೂರಿಸಲಿ, ಐನೂರು ರೂಪಾಯಿಯೊಳಗೆ ಬರುತ್ತದೆ. ಪ್ರಯಾಣಿಕರು ಎಸಿ ಓಡುವಾಗ ಅದನ್ನು ನೋಡಲಿ, ಅರ್ಧ ಗಂಟೆ ಆದ ಮೇಲೆ ಪ್ಲಗ್ಗಿನ ಹತ್ತಿರ ಕೈ ತಂದು ಕಾವು ಇದೆಯಾ ನೋಡಲಿ. ಸೀದ ವಾಸನೆ ಬಂದರೆ ಪ್ಲಗ್ ಮುಟ್ಟದೆ ಮೇನ್ ಆಫ್ ಮಾಡಿಸಲಿ. ಮೇಲಿನ ಕವರ್ ಬಿಚ್ಚುವ ಕೆಲಸ ಮಾತ್ರ ಕಲಿತವರಿಗೇ ಬಿಡಿ.

ನನ್ನ ಕಸುಬಿನ ಹುಡುಗರಿಗೂ ಒಂದು ಮಾತು. ನಿಮ್ಮಲ್ಲಿ ವೈರ್ ಬಿಚ್ಚದೆಯೇ ಆಂಪ್ ಅಳೆಯುವ ಟಾಂಗ್ ಟೆಸ್ಟರ್ ಇದೆ, ನಮ್ಮ ಕಾಲದಲ್ಲಿ ಅದಕ್ಕೆ ಎರಡು ತಿಂಗಳ ದುಡಿಮೆ ಬೇಕಿತ್ತು. ಅದನ್ನು ಬಳಸಿ. ಕಂಪ್ರೆಸರ್ ಬಿಸಿ ಇದ್ದರೆ ಗಿರಾಕಿಗೆ ‘ಸಂಜೆ ಬಂದು ನೋಡ್ತೀನಿ’ ಎಂದು ಹೇಳಿ. ಆರಿದ ಮೇಲೆ ಮೂರೂ ಜೋಡಿ ಅಳೆಯಿರಿ.

ಆ ಸುಟ್ಟ ಪ್ಲಗ್ಗನ್ನು ನಾನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬಳ್ಳಾರಿಗೆ ತಂದಿದ್ದೇನೆ. ಅಂಗಡಿಯ ಟೇಬಲ್ ಮೇಲಿದೆ, ಕೆಲಸ ಕಲಿಯಲು ಬರುವ ಹುಡುಗರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ. ಹಂಪಿಗೆ ಹೋಗಿದ್ದ ಆ ಓದುಗರು ಈ ಪತ್ರ ನೋಡಿದರೆ, ಗಾಡಿಯ ಮಾಲೀಕರಿಗೆ ಒಂದು ಫೋನ್ ಮಾಡಲಿ. ಕಂಪ್ರೆಸರ್ ಇನ್ನೂ ಬದಲಿಸಿಲ್ಲವಾದರೆ ಬದಲಿಸಬೇಡಿ, ಮೊದಲು ಪ್ಲಗ್, ವೈರ್, ಕೆಪಾಸಿಟರ್ ನೋಡಿಸಿ ಎಂದು ಹೇಳಲಿ. ಮತ್ತೆ ಹಂಪಿ ಕಡೆ ಬಂದರೆ ಬಳ್ಳಾರಿ ದೂರವೇನಲ್ಲ. ಗಾಡಿ ತರಲಿ, ನಾನೇ ಅಳೆದು ಕೊಡುತ್ತೇನೆ. ದುಡ್ಡು ಬೇಡ.

ಇಂತಿ ನಿಮ್ಮ ಓದುಗ,
ಒಬ್ಬ ಎಸಿ ಮೆಕ್ಯಾನಿಕ್, ಬಳ್ಳಾರಿ